ಮತ್ತೆ ಕೌಂಟರಿಗೆ ಬಂದಿದ್ದೇನೆ, ನಿಮ್ಮೆಲ್ಲರಿಂದ

ಕಳೆದ ಸೋಮವಾರದಿಂದ ನಾನು ಮತ್ತೆ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದೇನೆ. ತಿಪಟೂರಿನಲ್ಲಿ ನನ್ನನ್ನು ಬಲ್ಲವರಿಗೆ ಇದು ನನಗೆ ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತು. ನನ್ನ ಕಿವಿ ಕೇಳದ ಹಾಗೆ ಆದದ್ದು ಯಾಕೆ, ಹೇಗೆ ಅನ್ನುವುದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನೀವೆಲ್ಲ ಜೊತೆಗಿದ್ದು ನೋಡಿದವರೇ. ಇದು ಕೃತಜ್ಞತೆ ಹೇಳುವುದಕ್ಕೆ ಬರೆಯುತ್ತಿರುವ ಪತ್ರ. ಎದುರಿಗೆ ಸಿಕ್ಕಾಗ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುವುದು ಒಳ್ಳೆಯದು ಅನಿಸಿತು.

ಮೊದಲು ಮೈಸೂರಿನವರಿಗೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಅರಸೀಕೆರೆಯಲ್ಲಿ ರೈಲು ಬದಲಿಸಿ, ಹಾಸನದ ಮೇಲೆ ಮೈಸೂರು ಸೇರಿದಾಗ ನನಗೆ ಇದ್ದ ಆಸೆ ಒಂದೇ. ಕಿವಿಗೆ ಮೆಷಿನ್ ಹಾಕಿಕೊಂಡರೆ ಮೊದಲಿನ ಹಾಗೆ ಕೇಳುತ್ತದೆ ಅಂತ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹುಡುಗಿ ಆ ಆಸೆಯನ್ನು ಮುರಿಯಲಿಲ್ಲ, ಹಾಗಂತ ಸುಳ್ಳನ್ನೂ ಹೇಳಲಿಲ್ಲ. ನನ್ನ ಕಿವಿ ಪರೀಕ್ಷೆಯ ಗ್ರಾಫ್ ಮುಂದಿಟ್ಟುಕೊಂಡು, ಮುಖ ನನ್ನ ಕಡೆ ತಿರುಗಿಸಿ, ನಿಧಾನವಾಗಿ ವಿವರಿಸಿದರು. ಸದ್ದಿನ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಮಾಮೂಲು ಮಾತು 60 ಡೆಸಿಬೆಲ್ ಆಸುಪಾಸಿನಲ್ಲಿ ಇರುತ್ತದೆ. ನನ್ನ ಕಿವಿಗೆ 80 ದಾಟದೆ ಏನೂ ತಲುಪುವುದಿಲ್ಲ. ಹಾಗಾದರೆ ಸದ್ದು ಹೆಚ್ಚಿಸಿಬಿಟ್ಟರೆ ಆಯಿತು ಅಲ್ವಾ ಅಂತ ಕೇಳಿದೆ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು ಅಂದರು. ಕಿವಿಯೊಳಗೆ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಸಣ್ಣ ಸದ್ದು ಕೇಳದ ಇದೇ ಕಿವಿಗೆ ದೊಡ್ಡ ಸದ್ದು ಮಾತ್ರ ಎಲ್ಲರಿಗೆ ಕೇಳುವಷ್ಟೇ ಜೋರಾಗಿ, ಕೆಲವು ಸಲ ಅದಕ್ಕಿಂತ ಜೋರಾಗಿ ಬಡಿಯುತ್ತದೆ. ಕೇಳದ್ದಕ್ಕೂ ತಡೆಯಲಾಗದ್ದಕ್ಕೂ ನಡುವೆ ಉಳಿದಿರುವ ಜಾಗ ಬಹಳ ಕಿರಿದು. ಪ್ರಪಂಚದ ಸದ್ದನ್ನೆಲ್ಲ ಮೆಷಿನ್ ಆ ಕಿರಿದಾದ ಜಾಗದಲ್ಲೇ ಹೊಂದಿಸಬೇಕು.

ಇನ್ನೊಂದು ವಿಷಯವನ್ನೂ ಅವರೇ ತಿಳಿಸಿಕೊಟ್ಟರು. ಅ, ಆ, ಉ, ಊ ತಗ್ಗಿನ ಸ್ಥಾಯಿಯ ಸದ್ದುಗಳು. ಸ, ಶ, ತ, ಕ ಮೇಲಿನವು. ನನಗೆ ಹೋಗಿರುವುದು ಮೇಲಿನದೇ ಜಾಸ್ತಿ. ಹಾಗಾಗಿ ಕಾಯಿ, ತಾಯಿ, ಬಾಯಿ, ನಾಯಿ ನಾಲ್ಕೂ ನನಗೆ ಬರೀ 'ಆಯಿ' ಆಗಿ ಬಂದು ನಿಲ್ಲುತ್ತಿದ್ದವು. ಯಾರಾದರೂ ಕೂಗಿ ಹೇಳಿದರೆ ಆ 'ಆಯಿ' ಇನ್ನಷ್ಟು ಜೋರಾಗುತ್ತಿತ್ತೇ ಹೊರತು ಕಾಯಿಯೋ ತಾಯಿಯೋ ಗೊತ್ತಾಗುತ್ತಿರಲಿಲ್ಲ. ವರ್ಷಗಟ್ಟಲೆ ಜನ ನನ್ನ ಹತ್ತಿರ ಯಾಕೆ ಕೂಗಿದರು, ಕೂಗಿದರೂ ನನಗೆ ಯಾಕೆ ಅರ್ಥವಾಗಲಿಲ್ಲ ಅನ್ನುವುದು ಆ ದಿನ ಒಂದು ಕಾಗದದ ಮೇಲೆ ಕಾಣಿಸಿತು. ಆ ಹುಡುಗಿಗೆ ನನ್ನ ನಮಸ್ಕಾರ. ಮೆಷಿನ್ ಕಿವಿಯಲ್ಲಿ ಸರಿಯಾಗಿ ಕೂರಲು ಕಿವಿಯ ಅಚ್ಚು ತೆಗೆದವರಿಗೆ, ಮೆಷಿನನ್ನು ಮತ್ತೆ ಮತ್ತೆ ಹೊಂದಿಸಿಕೊಟ್ಟವರಿಗೆ ಕೂಡ.

ಮೊದಲ ವಾರಗಳು ಕಷ್ಟದವು. ನನ್ನ ದನಿಯೇ ನನಗೆ ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳುತ್ತಿತ್ತು. ಫ್ರಿಜ್ಜಿಗೆ ಸದ್ದು ಇದೆ ಅನ್ನುವುದನ್ನೇ ನಾನು ಮರೆತಿದ್ದೆ. ಪ್ಲಾಸ್ಟಿಕ್ ಕವರು, ಸ್ಟೀಲ್ ಪಾತ್ರೆ, ಒಗ್ಗರಣೆಯ ಸಾಸಿವೆ, ಎಲ್ಲವೂ ಒಟ್ಟಿಗೆ ಮೈಮೇಲೆ ಬಂದವು. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಅಂತ ನಿಮ್ಮ ತಲೆ ತಾನಾಗಿ ಆರಿಸಿಕೊಳ್ಳುತ್ತದೆ. ನನ್ನ ತಲೆ ಅದನ್ನು ಮರೆತಿತ್ತು. ಸಂಜೆ ಹೊತ್ತಿಗೆ ಹೊಲದಲ್ಲಿ ದುಡಿದಷ್ಟು ಸುಸ್ತು. ಆಫೀಸಿನಲ್ಲಿ ಆಗಲೇ ನನ್ನನ್ನು ಒಳಗಿನ ಲೆಡ್ಜರ್ ಕೋಣೆಗೆ ಹಾಕಿದ್ದರು. ಅದರ ಬಗ್ಗೆ ಇಷ್ಟೇ ಸಾಕು.

ಈಗ ಅಕ್ಕನ ವಿಷಯ. ಈ ಪತ್ರ ಬರೆಯಲು ಕೂತಿದ್ದೇ ಅವರಿಗಾಗಿ.

ಅಕ್ಕ ಅಂದರೆ ನನ್ನ ವಾರಗಿತ್ತಿ. ಭಾವನವರ ಹೆಂಡತಿ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದವರ ಬಗ್ಗೆ ಊರಲ್ಲಿ ಜನ ಏನೇನು ಮಾತಾಡುತ್ತಾರೆ ಅಂತ ನಿಮಗೆ ಗೊತ್ತು. ಆ ಮಾತುಗಳಿಗೆಲ್ಲ ನನ್ನ ಉತ್ತರ ಅಕ್ಕ.

ಮೆಷಿನ್ ಬಂದು ಹೆಚ್ಚು ದಿನ ಆಗಿರಲಿಲ್ಲ. ಅರಸೀಕೆರೆಯಲ್ಲಿ ನೆಂಟರ ಮದುವೆ. ಮೊದಲು ಮನೆಯಲ್ಲಿ, ಒಬ್ಬರ ಜೊತೆ, ಆಮೇಲೆ ಗುಂಪಿನಲ್ಲಿ ಅಂತ ಮೈಸೂರಿನಲ್ಲಿ ಹೇಳಿದ್ದರು. ಆದರೆ ಹತ್ತಿರದ ಮದುವೆ, ಹೋಗದೆ ಇರುವಂತಿರಲಿಲ್ಲ. ಮುಹೂರ್ತಕ್ಕೆ ಗಟ್ಟಿಮೇಳ ಶುರುವಾಯಿತು. ಓಲಗ, ಡೋಲು, ಮೈಕು, ನೂರಾರು ಜನರ ಮಾತು. ಛತ್ರದ ಗೋಡೆಗಳು ಅದನ್ನೆಲ್ಲ ಹಿಂದಕ್ಕೆ ಎಸೆಯುತ್ತಿದ್ದವು. ಅಕ್ಷತೆ ಹಾಕಿದವಳು ಮೂಲೆ ಹಿಡಿದು ಕೂತೆ. ಮೆಷಿನ್ ತೆಗೆದರೆ ಏನೂ ಇಲ್ಲ. ಹಾಕಿದರೆ ತಲೆ ಸಿಡಿಯುತ್ತದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತವರು ನಗುತ್ತಿದ್ದರು. ಏನು ಅಂತ ಕೇಳಿದೆ. 'ಏನಿಲ್ಲ ಬಿಡು' ಅಂದರು. ಅವರು ಕೆಟ್ಟವರಲ್ಲ. ಆದರೆ ಆ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಎಷ್ಟೋ ಸಲ ತುಟಿಗಳ ಮೇಲೆ ನೋಡಿದ ಮಾತಲ್ಲವೇ ಅದು.

ಆ ರಾತ್ರಿ ಮನೆಗೆ ಬಂದವಳು ಮೆಷಿನ್ ಕಿತ್ತು ಡಬ್ಬಿಗೆ ಹಾಕಿದೆ. ಇನ್ನು ಇದು ಬೇಡ ಅಂದೆ. ಕೆಲಸವೂ ಬೇಡ, ಯಾರ ಮನೆಯ ಶುಭಕಾರ್ಯವೂ ಬೇಡ. ಒಂದು ಕೋಣೆಯಲ್ಲಿ ಬಿಟ್ಟುಬಿಡಿ, ಯಾರೂ ಮಾತಾಡಿಸಬೇಡಿ ಅಂದೆ. ಎಷ್ಟು ಜೋರಾಗಿ ಅಂದೆನೋ ಗೊತ್ತಿಲ್ಲ, ನನಗೆ ನನ್ನ ದನಿಯೂ ಕೇಳುತ್ತಿರಲಿಲ್ಲ. ಹೊರಗೆ ಮಳೆ ಹಿಡಿಯಿತು. ಕರೆಂಟು ಹೋಯಿತು. ಕೇಳುವವರಿಗೆ ಕತ್ತಲೆ ಬರೀ ಕತ್ತಲೆ. ನನ್ನಂಥವರಿಗೆ ಕತ್ತಲಾದರೆ ತುಟಿಯೂ ಕಾಣುವುದಿಲ್ಲ. ಅಲ್ಲಿಗೆ ಮನುಷ್ಯರೇ ಇಲ್ಲವಾಗುತ್ತಾರೆ. ಕಿವಿಯೊಳಗೆ ಮಾತ್ರ ಕುಂಯ್ ಅನ್ನುವ ಒಂದು ಸದ್ದು, ನಿಲ್ಲುವುದೇ ಇಲ್ಲ. ಅಂಥ ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಇವತ್ತಿಗೂ ಅದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಅಕ್ಕ ಟಾರ್ಚ್ ಹಿಡಿದು ಬಂದರು. ಬೆಳಕನ್ನು ನನ್ನ ಮೇಲೆ ಬಿಡಲಿಲ್ಲ. ತಮ್ಮ ಮುಖದ ಮೇಲೆ ಬಿಟ್ಟುಕೊಂಡರು. ತುಟಿ ಕಾಣುವ ಹಾಗೆ. 'ಮಾತಾಡೋದು ಬೇಡ ಕಣೇ, ಸುಮ್ನೆ ಕೂತ್ಕೋ, ನಾನು ಇಲ್ಲೇ ಇರ್ತೀನಿ' ಅಂದರು. ಒಂದೊಂದು ಮಾತೂ ನನಗೆ ಕಾಣಿಸಿತು. ಬೆಳಗಿನವರೆಗೂ ಎದ್ದು ಹೋಗಲಿಲ್ಲ. ನಾನು ತಲೆ ಎತ್ತಿದಾಗಲೆಲ್ಲ ಟಾರ್ಚ್ ಹಾಕಿ ಮುಖ ತೋರಿಸುತ್ತಿದ್ದರು. ಒಂದು ಹೊತ್ತಿನಲ್ಲಿ ಮದುವೆಯ ಪಂಕ್ತಿಯಲ್ಲಿ ಜನ ಯಾಕೆ ನಕ್ಕರು ಅನ್ನುವುದನ್ನೂ ಪೂರ್ತಿ ಹೇಳಿದರು. ಮದುವೆ ಗಂಡಿನ ಚಿಕ್ಕಪ್ಪ ಬೇರೆಯವರ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರಂತೆ. ಅಷ್ಟೇ ವಿಷಯ. ಅಷ್ಟು ಚಿಕ್ಕದನ್ನು ನನಗೂ ಹೇಳಬೇಕು ಅಂತ ನೆನಪಿಟ್ಟುಕೊಂಡು ಬಂದಿದ್ದರು. ಆಗ ನಾನು ಅತ್ತೆ. ಜೋರಾಗಿ ಅತ್ತೆ. ಅವರೂ ಅತ್ತರು.

ಬೆಳಿಗ್ಗೆ ಮೆಷಿನ್ ಹಾಕಿಕೋ ಅಂತ ಒತ್ತಾಯ ಮಾಡಲಿಲ್ಲ. ಮಧ್ಯಾಹ್ನ ಊಟದ ಪಾತ್ರೆಗಳೆಲ್ಲ ಆದ ಮೇಲೆ ಪೇಪರ್ ಹಿಡಿದು ಬಂದು ಕೂತರು. ಒಂದು ಸುದ್ದಿ ಓದುತ್ತೇನೆ, ಹಾಕಿಕೊಳ್ಳುತ್ತೀಯಾ ಅಂದರು. ಹೀಗೆ ಶುರುವಾದದ್ದು ನಮ್ಮ ದಿನದ ಪಾಠ. ಮೊದಲು ಮುಖ ತೋರಿಸಿ ಓದುವುದು. ಆಮೇಲೆ ಅದನ್ನೇ ಪೇಪರ್ ಬಾಯಿಗೆ ಅಡ್ಡ ಹಿಡಿದು ಓದುವುದು. ನಾನು ಕೇಳಿಸಿದ್ದನ್ನು ತಿರುಗಿ ಹೇಳಬೇಕು. ತಪ್ಪಾದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು. ದನಿ ಮಾತ್ರ ಏರಿಸುತ್ತಿರಲಿಲ್ಲ. ಇದನ್ನೆಲ್ಲ ಅವರಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಮೈಸೂರಿನಲ್ಲಿ ಕೇಳಿದರೆ ಇದೇ ಸರಿಯಾದ ಅಭ್ಯಾಸ ಅಂದರು.

ತಿಪಟೂರಿನ ಮನೆ ಅಂದ ಮೇಲೆ ಕೊಬ್ಬರಿ ಧಾರಣೆ ಓದದೆ ಇರುತ್ತಾರೆಯೇ? ಅಲ್ಲಿ ಒಂದು ತೊಡಕು ಎದುರಾಯಿತು. ಎಪ್ಪತ್ತು ಮತ್ತು ಎಂಬತ್ತು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿ. ನೋಡಿದರೆ ಎರಡೂ ಒಂದೇ. ನೋಟು ಎಣಿಸಿ ಕೊಡುವವಳಿಗೆ ಇದು ಸಣ್ಣ ವಿಷಯ ಅಲ್ಲ. ಎಪ್ಪತ್ತು ಸಾವಿರ ಕೇಳಿದವರಿಗೆ ಎಂಬತ್ತು ಸಾವಿರ ಕೊಟ್ಟರೆ ಗತಿ ಏನು? ಈ ಭಯದಿಂದಲೇ ನಾನು ಕೌಂಟರಿನ ಆಸೆ ಬಿಟ್ಟಿದ್ದೆ. ಅಕ್ಕ ಬಿಡಲಿಲ್ಲ. ಎರಡನ್ನೂ ಹೇಳುತ್ತಾ, ಹೇಳುತ್ತಾ, ಒಂದು ದಿನ ತಾವೇ ಕಂಡುಹಿಡಿದರು. ಎಂಬತ್ತಿನಲ್ಲಿ ಒಂದು 'ಮ್' ಸಣ್ಣಗೆ ಗುಂಯ್‌ಗುಡುತ್ತದೆ. ಎಪ್ಪತ್ತಿನಲ್ಲಿ ಮಾತು ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ. ಆ ಗುಂಯ್ ತಗ್ಗಿನ ಸದ್ದು. ನನ್ನ ಕಿವಿಗೆ ಉಳಿದಿರುವ ಕಡೆಯದು. ಮೆಷಿನ್ ಅದನ್ನು ನನಗೆ ತಂದುಕೊಡುತ್ತದೆ! ಕಣ್ಣಿಗೆ ಕಾಣದ್ದನ್ನು ಕಿವಿ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು. ಅಕ್ಕ ಪೇಪರ್ ಅಡ್ಡ ಹಿಡಿದು ಎಂಬತ್ತು ಅಂದರು. ಎಂಬತ್ತು ಅಂದೆ. ಎಪ್ಪತ್ತು ಅಂದರು. ಎಪ್ಪತ್ತು ಅಂದೆ. ಪೇಪರ್ ಕೆಳಗೆ ಹಾಕಿ ನನ್ನ ಕೆನ್ನೆ ಹಿಡಿದುಕೊಂಡರು.

ಅವರು ಮಾತಾಡಿಸುವ ರೀತಿಯೇ ಬೇರೆ. ಹಿಂದಿನಿಂದ ಕರೆಯುವುದಿಲ್ಲ, ಬಂದು ಭುಜ ಮುಟ್ಟುತ್ತಾರೆ. ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ, ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ ಅಂತ. ಏನೇ ಹೇಳುವ ಮೊದಲು 'ಹಾಲಿನವನ ವಿಷಯ', 'ಮಗಳ ಫೀಸಿನ ವಿಷಯ' ಅಂತ ವಿಷಯ ತಿಳಿಸುತ್ತಾರೆ. ವಿಷಯ ಗೊತ್ತಿದ್ದರೆ ಅರ್ಧ ಮಾತು ಕೇಳಿದರೂ ಉಳಿದರ್ಧ ಸಿಗುತ್ತದೆ. ಮತ್ತೆ, ಇಷ್ಟು ದಿನಗಳಲ್ಲಿ ಒಮ್ಮೆಯೂ, ಕೆಲಸದ ಎಷ್ಟೇ ಅವಸರ ಇದ್ದರೂ, 'ಏನಿಲ್ಲ ಬಿಡು' ಅಂದಿಲ್ಲ. ಅಕ್ಕ, ನಿಮಗೆ ನಾನು ಯಾವತ್ತೂ ಥ್ಯಾಂಕ್ಸ್ ಅಂತ ಹೇಳಿಲ್ಲ. ಹೇಳಿದರೆ ಬೈಯುತ್ತೀರಿ. ಬೈದರೂ ಪರವಾಗಿಲ್ಲ. ನೀವು ಇಲ್ಲದಿದ್ದರೆ ಆ ಡಬ್ಬಿಯನ್ನು ನಾನು ಮತ್ತೆ ತೆರೆಯುತ್ತಿರಲಿಲ್ಲ.

ಉಳಿದವರೆಲ್ಲರಿಗೂ ಒಟ್ಟಿಗೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಂಗಿ ಜೇಬಿನಲ್ಲಿ ಸದಾ ನನ್ನ ಮೆಷಿನ್ನಿಗೆ ಹಾಕುವ 13ನೇ ನಂಬರಿನ ಸೆಲ್ ಪಟ್ಟಿ ಇಟ್ಟುಕೊಂಡು ತಿರುಗುವ ನಮ್ಮ ಯಜಮಾನರಿಗೆ, ಮಳೆಗಾಲದಲ್ಲಿ ಮೆಷಿನ್ ಇಡುವ ಡಬ್ಬಿಯಲ್ಲಿ ತೇವ ಹೀರುವ ನೀಲಿ ಕಾಳು ಗುಲಾಬಿಗೆ ತಿರುಗಿತೇ ಅಂತ ದಿನಾ ನೋಡುವ ಮಗನಿಗೆ, ಫೋನಿನಲ್ಲಿ ಮಾತಾಡುವ ಬದಲು ಬರೆದು ಕಳಿಸುವ ಮಗಳಿಗೆ, ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಿಸಿದ ಗೆಳತಿಗೆ, ಮೀಟಿಂಗಿನಲ್ಲಿ ಪಕ್ಕಕ್ಕೆ ಕೂತು ಟಿಪ್ಪಣಿ ಬರೆದು ತೋರಿಸಿದ ಸಹೋದ್ಯೋಗಿಗಳಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ನನ್ನನ್ನು ಮತ್ತೆ ಕೌಂಟರಿಗೆ ಕರೆದ ಹೊಸ ಮ್ಯಾನೇಜರ್ ಸಾಹೇಬರಿಗೂ. ನೋಟು ಎಣಿಸುವ ಮೆಷಿನನ್ನು ನನ್ನ ಪಕ್ಕದಿಂದ ಆ ಕಡೆ ಮೇಜಿಗೆ ಸರಿಸಿದ್ದು ಅವರೇ. ಅದರ ಸದ್ದಿನಲ್ಲಿ ಗ್ರಾಹಕರ ಮಾತು ಮುಳುಗುತ್ತದೆ ಅಂತ ನಾನು ಹೇಳುವ ಮೊದಲೇ ಅವರಿಗೆ ಹೊಳೆದಿತ್ತು.

ಮೆಷಿನ್ ಇದ್ದರೂ ನನಗೆ ಎಲ್ಲವೂ ಕೇಳುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಇವತ್ತಿಗೂ ಸೋಲುತ್ತೇನೆ. ಮೂರು ಜನ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಸಿಗುವುದಿಲ್ಲ. ಅದು ಹೀಗೇ ಇರುತ್ತದೆ, ನನಗೆ ಗೊತ್ತು. ಅದರ ಜೊತೆಗೇ ಸಾಗುವುದನ್ನು ಕಲಿಯುತ್ತಿದ್ದೇನೆ.

ಒಂದು ಸಂತೋಷದ ಸುದ್ದಿ. ನಮ್ಮ ಮಾವನವರು ಕೂಡ ಕಿವಿ ತೋರಿಸಲು ಒಪ್ಪಿದ್ದಾರೆ. ವಯಸ್ಸಾಯಿತು, ಇನ್ನೇನು ಅಂತ ಇಷ್ಟು ದಿನ ತಳ್ಳಿಹಾಕುತ್ತಿದ್ದರು. ಬರುವ ತಿಂಗಳು ಅವರನ್ನು ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅಚ್ಚು ತೆಗೆಯುವಾಗ ಕಿವಿ ತಣ್ಣಗಾಗುತ್ತದೆ, ಹೆದರಬೇಡಿ ಅಂತ ಹೇಳಲು ಜೊತೆಗೆ ಒಬ್ಬರು ಬೇಕು.

ಬ್ಯಾಂಕಿಗೆ ಬರುವವರಲ್ಲಿ ಒಂದು ಕೇಳಿಕೆ. ಎಡಗಡೆಯ ಕೌಂಟರಿನಲ್ಲಿ ನಾನಿರುತ್ತೇನೆ. ಗಾಜಿನ ಕಿಂಡಿಯ ಹತ್ತಿರ ಬಂದು, ಮುಖ ತೋರಿಸಿ ಮಾತಾಡಿ. ಕೂಗುವುದು ಬೇಡ. ಮೊತ್ತವನ್ನು ಚೀಟಿಯಲ್ಲಿ ಬರೆದುಕೊಡಿ, ನಾನು ಒಮ್ಮೆ ಓದಿ ಹೇಳುತ್ತೇನೆ, ನೀವು ಹೂಂ ಅನ್ನಿ. ಮಾತು ನನಗೆ ತಲುಪದಿದ್ದರೆ ಇನ್ನೊಮ್ಮೆ ಹೇಳಿ.