ಸೈಲೊ ನೋಡಲು ಬಂದವರು ರಾತ್ರಿ ಎಲ್ಲಿ ನಿಲ್ಲಬೇಕು? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳುಹಿಸುತ್ತಿದ್ದೇನೆ. ಕನ್ನಡದಲ್ಲಿಯೂ ಬಹಿರಂಗವಾಗಿ ಬರೆಯಲು ಕಾರಣವಿದೆ. ಮೆಲ್ಬರ್ನ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಕಾರಿನ ಹಿಂದೆ ಕ್ಯಾರವಾನ್, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ಒಳನಾಡು ಸುತ್ತಬೇಕೆಂದು ಆಸೆಪಡುವವರು ಇದ್ದಾರೆ. ಸೈಲೊಗಳ, ಅಂದರೆ ಧಾನ್ಯ ತುಂಬಿಡುವ ಎತ್ತರದ ಕಣಜಗಳ, ಮೇಲಿನ ಚಿತ್ರ ನೋಡಲು ಹೋದವರಿಗೆ ರಾತ್ರಿ ತಂಗುವ ಸೌಕರ್ಯ ಸಾಲದು ಎಂಬ ಸಂಗತಿ ಹೊರಡುವ ಮೊದಲು ಅವರಿಗೂ ತಿಳಿದಿರಲಿ.

ರಾಜ್ಯದ ಒಳನಾಡಿನ ವಿಮ್ಮೆರ ಮತ್ತು ಮ್ಯಾಲಿ ಸೀಮೆಯ ಸೈಲೊ ಚಿತ್ರಗಳ ಹಾದಿಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ದಕ್ಷಿಣದ ರುಪನ್ಯಪ್‌ನಿಂದ ಉತ್ತರದ ಪ್ಯಾಚೆವೊಲಾಕ್‌ವರೆಗೆ ಸುಮಾರು 200 ಕಿಲೋಮೀಟರ್. ನಡುವೆ ಶೀಪ್ ಹಿಲ್ಸ್, ಬ್ರಿಮ್, ರೋಸ್‌ಬರಿ, ಲ್ಯಾಸೆಲ್ಸ್. ಎಲ್ಲಕ್ಕೂ ಮೊದಲು ಬಂದದ್ದು ಬ್ರಿಮ್. 1939ರಲ್ಲಿ ಕಟ್ಟಿದ, ಬಳಕೆ ನಿಂತುಹೋಗಿದ್ದ ಕಾಂಕ್ರೀಟ್ ಕಣಜಗಳ ಮೇಲೆ ಕಲಾವಿದ ಗೀಡೊ ವಾನ್ ಹೆಲ್ಟನ್ ನಾಲ್ವರು ರೈತರನ್ನು ಚಿತ್ರಿಸಿ ಮುಗಿಸಿದ್ದು 2016ರ ಜನವರಿಯಲ್ಲಿ. ಹತ್ತಿರ ಹೋದರೆ ಬಣ್ಣ ಯಾವುದು, ಹಳೆಯ ಸಿಮೆಂಟಿನ ಕಲೆ ಯಾವುದು ಎಂದು ಹೇಳುವುದು ಕಷ್ಟ. ಆ ಮುಖಗಳಲ್ಲಿ ಪ್ರವಾಸಿಗರನ್ನು ಬರಮಾಡಿಕೊಳ್ಳುವ ನಗುವಿಲ್ಲ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡವರ ಗಾಂಭೀರ್ಯವಿದೆ. ನನಗೆ ಅದೇ ಹೆಚ್ಚು ಇಷ್ಟ.

ಆದರೆ ಚಿತ್ರ ನೋಡಲು ಹತ್ತು ನಿಮಿಷ ಸಾಕು. ಕಾರು ನಿಲ್ಲಿಸಿ, ಫೋಟೊ ತೆಗೆದು, ಮುಂದಿನ ಸೈಲೊ ಎಷ್ಟು ದೂರವೆಂದು ಮೊಬೈಲ್‌ನಲ್ಲಿ ನೋಡಿ ಹೊರಟುಹೋಗುವವರಿಂದ ಊರಿಗೆ ದಕ್ಕುವುದು ಹೆಚ್ಚೆಂದರೆ ಒಂದು ಕಾಫಿಯ ದುಡ್ಡು. ಊರಿಗೆ ನಿಜವಾಗಿ ಆಸರೆಯಾಗುವವರು ಅವಸರವಿಲ್ಲದವರು. ಸಂಜೆ ಬಂದು ನಿಂತು, ಬೆಳಿಗ್ಗೆ ಬೇಕರಿಗೆ ಹೋಗಿ, ಕಿತ್ತುಹೋದ ನಳಿಕೆಗೆ ಕ್ಲಿಪ್ ಬೇಕೆಂದು ಹಾರ್ಡ್‌ವೇರ್ ಅಂಗಡಿ ಹುಡುಕಿ, ಔಷಧಿ ಕೊಂಡು, ಪೆಟ್ರೋಲ್ ತುಂಬಿಸಿಕೊಂಡು, ಅಂಗಡಿಯವರು ‘ಇನ್ನೊಂದು ದಿನ ಇರಿ’ ಎಂದರೆ ಇದ್ದುಬಿಡುವವರು. ಈ ಸೀಮೆಯ ಹೊಲಗಳಲ್ಲಿ ಗೋಧಿ, ಬಾರ್ಲಿಯ ಜೊತೆಗೆ ನಮ್ಮ ಚನ್ನಂಗಿ ಬೇಳೆಯೂ ಬೆಳೆಯುತ್ತದೆ ಎಂಬುದು ನನಗೆ ತಿಳಿದದ್ದು ಹಾಗೆ ಇದ್ದುಬಿಟ್ಟ ಒಂದು ದಿನ.

ಇಂಥವರನ್ನು ರಾತ್ರಿ ನಿಲ್ಲಿಸಿಕೊಳ್ಳುವುದು ಗೋಡೆಯ ಚಿತ್ರವಲ್ಲ. ಕುಡಿಯುವ ನೀರಿನ ನಲ್ಲಿ, ಸಮತಟ್ಟಾದ ಜಾಗ ಮತ್ತು ಶೌಚ ತ್ಯಾಜ್ಯ ಸುರಿಯುವ ಡಂಪ್ ಪಾಯಿಂಟ್. ಮೂರನೆಯದರ ಬಗ್ಗೆ ಸಭ್ಯರು ಮಾತನಾಡುವುದಿಲ್ಲ, ಆದ್ದರಿಂದ ನಾನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ಯಾರವಾನಿನ ಶೌಚಾಲಯದ ಕೆಳಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ಹೊರಗಿನ ಸಣ್ಣ ಬಾಗಿಲು ತೆರೆದು ಅದನ್ನು ಎಳೆದುಕೊಳ್ಳಬೇಕು. ಸುಮಾರು 20 ಲೀಟರ್ ಹಿಡಿಯುತ್ತದೆ. ಗಂಡ ಹೆಂಡತಿ ಇಬ್ಬರೇ ಇದ್ದರೂ ಎರಡು ಮೂರು ದಿನಕ್ಕೆ ತುಂಬುತ್ತದೆ. ತುಂಬಿದಾಗ ಎಲ್ಲಿ ಸುರಿಯಬೇಕು? ಸಾರ್ವಜನಿಕ ಶೌಚಾಲಯ ಸಿಕ್ಕಿತಲ್ಲ ಎಂದು ಅಲ್ಲಿ ಸುರಿಯುವಂತಿಲ್ಲ. ಸಣ್ಣ ಊರುಗಳ ಎಷ್ಟೋ ಶೌಚಾಲಯಗಳು ಸೆಪ್ಟಿಕ್ ಟ್ಯಾಂಕ್‌ಗೆ ಸೇರಿದವು, ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳಿಂದ, ಮತ್ತು ವಾಸನೆ ತಡೆಯಲು ಪೆಟ್ಟಿಗೆಗೆ ಹಾಕುವ ರಾಸಾಯನಿಕಗಳಲ್ಲಿ ಹಲವು ಅದೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಒಬ್ಬರು ಮಾಡಿದ ಸೋಮಾರಿತನದಿಂದ ಊರಿನ ಶೌಚಾಲಯ ವಾರಗಟ್ಟಲೆ ಕೆಡಬಹುದು. ತಪ್ಪು ಪ್ರವಾಸಿಗನದೇ, ನಿಜ. ಆದರೆ ನೂರು ಕಿಲೋಮೀಟರ್ ದೂರದಲ್ಲಿ ಡಂಪ್ ಪಾಯಿಂಟ್ ಇದೆ ಎಂದು ನಂಬಿ ಬಂದವನಿಗೆ ಅಲ್ಲಿ ಬೀಗ ಕಂಡರೆ ಅವನಾದರೂ ಏನು ಮಾಡಬೇಕು? ನನಗೆ ಅಂಥ ಬೀಗ ಎದುರಾಗಿದೆ. ಊರಿನ ಹೆಸರು ಬೇಡ. ರಿಪೇರಿಗೆ ಬರುವವರು ಮುಂದಿನ ತಿಂಗಳು ಬರುತ್ತಾರೆ ಎಂದು ಅಲ್ಲಿನವರು ಸಂಕೋಚದಿಂದಲೇ ಹೇಳಿದರು.

ಕೌನ್ಸಿಲ್‌ಗಳನ್ನು, ಅಂದರೆ ಸ್ಥಳೀಯ ಆಡಳಿತಗಳನ್ನು, ದೂರುವುದು ಸುಲಭ. ಆದರೆ ಈ ಹಾದಿ ಸಾಗುವ ಯಾರಿಯಾಂಬಿಯಾಕ್ ಶೈರನ್ನೇ (ಶೈರ್ ಎಂದರೆ ಒಂದು ಕೌನ್ಸಿಲ್ ನೋಡಿಕೊಳ್ಳುವ ಗ್ರಾಮಾಂತರ ಪ್ರದೇಶ) ನೋಡಿ: ವಿಸ್ತೀರ್ಣ 7,000 ಚದರ ಕಿಲೋಮೀಟರಿಗೂ ಹೆಚ್ಚು, ಜನಸಂಖ್ಯೆ 7,000ವನ್ನೂ ಮುಟ್ಟುವುದಿಲ್ಲ. ಕೌನ್ಸಿಲ್ ತನ್ನ ತೆರಿಗೆ ಎಷ್ಟು ಏರಿಸಬಹುದು ಎಂಬುದಕ್ಕೆ 2016ರಿಂದ ನಿಮ್ಮದೇ ರಾಜ್ಯ ಸರ್ಕಾರ ಮಿತಿ ಹಾಕಿದೆ. ರಸ್ತೆ ನೋಡಿಕೊಳ್ಳುವುದೇ ಹೊರೆಯಾಗಿರುವ ಕೌನ್ಸಿಲ್, ಬೇರೆ ಊರಿನವರ ಶೌಚಕ್ಕೆ ಡಂಪ್ ಪಾಯಿಂಟ್ ದುರಸ್ತಿ ಮಾಡಿಸು ಎಂದರೆ ಹಿಂದೇಟು ಹಾಕುವುದು ಸಹಜ. ಪ್ರವಾಸಿಗರನ್ನು ಕರೆಯುತ್ತಿರುವುದು ರಾಜ್ಯ, ಆದ್ದರಿಂದ ಈ ಖರ್ಚಿನ ಪಾಲು ರಾಜ್ಯದ ಮೇಲೆಯೇ ಬೀಳಬೇಕು. ಹೊಸದನ್ನು ಕಟ್ಟಿಸಿ ರಿಬ್ಬನ್ ಕತ್ತರಿಸುವ ಹಣವಲ್ಲ. ವರ್ಷ ವರ್ಷ ನಿರ್ವಹಣೆಗೆ ಕೊಡುವ ಹಣ.

ಒಳ್ಳೆಯ ಮಾದರಿಗೆ ದೂರ ಹುಡುಕಬೇಕಿಲ್ಲ. ಹೋಪ್‌ಟೌನ್‌ನಲ್ಲಿ ಲ್ಯಾಸೆಲ್ಸ್ ಸರೋವರದ ದಂಡೆಯಲ್ಲಿ ಜನ ಕ್ಯಾರವಾನ್ ನಿಲ್ಲಿಸಿ ತಂಗುತ್ತಾರೆ. (ಲ್ಯಾಸೆಲ್ಸ್ ಊರಿನಲ್ಲಿ ಈ ಸರೋವರ ಹುಡುಕಬೇಡಿ, ಅದು ಅಲ್ಲಿಲ್ಲ.) 2010ರಲ್ಲಿ ನೀರು ಸಾಗಿಸುವ ವಿಮ್ಮೆರ ಮ್ಯಾಲಿ ಪೈಪ್‌ಲೈನ್ ಮುಗಿದು, ಅದಕ್ಕೆ ಮೊದಲು ನೀರು ತರುತ್ತಿದ್ದ ಸಾವಿರಾರು ಕಿಲೋಮೀಟರ್ ತೆರೆದ ಕಾಲುವೆಗಳು ಮುಚ್ಚಿದ ಮೇಲೂ ಈ ಒಣ ಸೀಮೆಯಲ್ಲಿ ಇಂಥ ಕೆಲವು ನೀರಿನ ತಾಣಗಳು ಉಳಿದಿವೆ. ಸಂಜೆಯ ಹೊತ್ತಿಗೆ ಜನ ಮಡಚುವ ಕುರ್ಚಿ ಹಾಕಿಕೊಂಡು ನೀರಿನ ಕಡೆಗೆ ಮುಖ ಮಾಡಿ ಕೂತಿರುವುದನ್ನು ನೋಡಿದರೆ, ಪ್ರವಾಸಿಗರಿಗೆ ಏನು ಬೇಕು ಎಂದು ಸಮೀಕ್ಷೆ ಮಾಡಿಸುವ ಅಗತ್ಯವೇ ನಿಮಗೆ ಕಾಣುವುದಿಲ್ಲ.

ಖಾಸಗಿ ಕ್ಯಾರವಾನ್ ಪಾರ್ಕ್ ನಡೆಸುವವರ ತಕರಾರು ನನಗೆ ಗೊತ್ತು: ಕೌನ್ಸಿಲ್ ಬಿಟ್ಟಿ ಜಾಗ ಕೊಟ್ಟರೆ ನಮ್ಮ ಗತಿಯೇನು? ಅದರಲ್ಲಿ ನ್ಯಾಯವಿದೆ. ಖಾಸಗಿ ಪಾರ್ಕ್ ಇರುವ ಊರಿನಲ್ಲಿ ಬಿಟ್ಟಿ ಜಾಗ ಬೇಡ. ಪಾರ್ಕ್ ಇಲ್ಲದ ಊರಿನ ಶೋಗ್ರೌಂಡ್‌ನಲ್ಲಿ (ಕೃಷಿ ಮೇಳ ನಡೆಯುವ ಮೈದಾನದಲ್ಲಿ) ಸಣ್ಣ ಶುಲ್ಕಕ್ಕೆ ತಂಗಲು ಬಿಡಿ. ಕೊಡಲು ನಾವು ತಯಾರು.

ಇನ್ನೊಂದು ವಿಷಯ, ಇದು ಮೋಜಿನದಲ್ಲ. ತಂಗಲು ಜಾಗ ಸಿಗದವರು ಹೆದ್ದಾರಿ ಬದಿಯ ಟ್ರಕ್ ವಿಶ್ರಾಂತಿ ತಾಣಗಳಲ್ಲಿ ನುಗ್ಗುತ್ತಿದ್ದಾರೆ. ಟ್ರಕ್ ಚಾಲಕರಿಗೆ ಸಾಮಾನ್ಯ ನಿಯಮದ ಪ್ರಕಾರ 24 ಗಂಟೆಯಲ್ಲಿ ಸತತ 7 ಗಂಟೆ ವಾಹನ ನಿಲ್ಲಿಸಿ ವಿಶ್ರಮಿಸಲೇಬೇಕೆಂಬ ಕಾನೂನಿದೆ. ಕಟಾವಿನ ಕಾಲದಲ್ಲಿ, ನವೆಂಬರ್ ಬಂತೆಂದರೆ, ಧಾನ್ಯದ ಲಾರಿಗಳು ಸಾಲುಗಟ್ಟುತ್ತವೆ. ಅವರ ಜಾಗದಲ್ಲಿ ನಮ್ಮ ಕ್ಯಾರವಾನ್ ನಿಂತಿದ್ದರೆ ನಿದ್ದೆಗೆಟ್ಟ ಚಾಲಕ ಮುಂದಕ್ಕೆ ಹೋಗಬೇಕಾಗುತ್ತದೆ. ಓದುವ ಕನ್ನಡಿಗರಿಗೂ ಹೇಳುತ್ತೇನೆ: ಟ್ರಕ್ಕಿಗೆ ಮೀಸಲು ಎಂಬ ಫಲಕವಿದ್ದ ಕಡೆ ಎಷ್ಟೇ ದಣಿವಾಗಿದ್ದರೂ ರಾತ್ರಿ ತಂಗಬೇಡಿ.

ಸಚಿವರೇ, ಮುಂದಿನ ಬಜೆಟ್‌ಗೆ ಮೊದಲು ಈ ಹಾದಿಯ ಊರುಗಳಲ್ಲಿ ಎಷ್ಟು ಡಂಪ್ ಪಾಯಿಂಟ್‌ಗಳು ಕೆಲಸ ಮಾಡುತ್ತಿವೆ, ಯಾವ ನಲ್ಲಿಯ ನೀರು ಕುಡಿಯಲು ಯೋಗ್ಯ, ಕಾರು ಕ್ಯಾರವಾನ್ ಸೇರಿ 14 ಮೀಟರ್ ಉದ್ದದ ವಾಹನ ಮುಖ್ಯ ಬೀದಿಯ ಹತ್ತಿರ ಎಲ್ಲಿ ನಿಲ್ಲಬಹುದು ಎಂಬ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿ. ಕೆಟ್ಟುಹೋದವುಗಳ ಪಕ್ಕದಲ್ಲಿ ದುರಸ್ತಿಯ ದಿನಾಂಕವೂ ಇರಲಿ. ಉತ್ತರವನ್ನು ಇಂಗ್ಲಿಷ್‌ನಲ್ಲಿ ಕೊಟ್ಟರೆ ಸಾಕು. ಕನ್ನಡಕ್ಕೆ ತರುವ ಕೆಲಸ ನನಗಿರಲಿ.

ಇತಿ,
ಮೆಲ್ಬರ್ನ್‌ನ ಒಬ್ಬ ಕ್ಯಾರವಾನ್ ಪ್ರಯಾಣಿಕ