ಡಿಎಲ್ ಮೇಲೆ ಇನ್ಸುಲಿನ್‌ಗೂ ಒಂದು ಜಾಗ ಇರಲಿ

ಸಂಪಾದಕರೇ,

ಈಚೆಗೆ ನನ್ನ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಆಗಿ ಬಂತು. ಕಾರ್ಡ್ ಮೇಲೆ ರಕ್ತದ ಗುಂಪು ಇದೆ. ಅಂಗಾಂಗ ದಾನಕ್ಕೆ ಒಪ್ಪಿದ್ದೇನೋ ಇಲ್ಲವೋ ಅನ್ನುವುದೂ ಇದೆ. ಆದರೆ ನಾನು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವನು ಅನ್ನುವುದನ್ನು ಹೇಳೋಣ ಅಂದರೂ ಜಾಗವಿಲ್ಲ. ಸತ್ತ ಮೇಲೆ ಕಿಡ್ನಿ ಕೊಡುತ್ತೀರಾ ಅಂತ ಕೇಳುವವರು, ಉಳಿಸಿಕೊಳ್ಳಲು ಏನು ಗೊತ್ತಿರಬೇಕು ಅಂತಲೂ ಒಂದು ಮಾತು ಕೇಳಬಹುದು, ಅಲ್ವಾ?

ನನಗೆ 52 ವರ್ಷ. ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಓಡಾಟ ಸ್ಕೂಟರ್‌ನಲ್ಲಿ. ಇನ್ಸುಲಿನ್ ತೆಗೆದುಕೊಂಡವರಿಗೆ ಊಟ ತಡವಾದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದುಬಿಡಬಹುದು. ಆಗ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಾಲಿಗೆ ತೊದಲುತ್ತದೆ. ನೋಡುವವರಿಗೆ ಥೇಟ್ ಕುಡುಕ.

ಕಳೆದ ದೀಪಾವಳಿ ಸಮಯದಲ್ಲಿ ಟ್ರಾಫಿಕ್ ನಡುವೆ ಹೀಗೇ ಆಯಿತು. ಸ್ಕೂಟರ್ ಬದಿಗೆ ಹಾಕಿ ಫುಟ್‌ಪಾತ್ ಮೇಲೆ ಕೂತೆ. ಜನ ಸೇರಿದರು. 'ಹಗಲೇ ಏರಿಸಿದ್ದಾನೆ' ಅಂದರು ಒಬ್ಬರು. ಪೊಲೀಸರು ಬಂದು ಊದಿಸಿದರು, ಸೊನ್ನೆ ಬಂತು. ಜೇಬಿನಿಂದ ಡಿಎಲ್ ತೆಗೆದು ನೋಡಿದರು. ಬಿ ಪಾಸಿಟಿವ್ ಅಂತ ಗೊತ್ತಾಯಿತು, ಅಷ್ಟೇ. ಕೊನೆಗೆ ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಮ್ಮ 'ಶುಗರ್ ಐತೇನಣ್ಣ?' ಅಂತ ಕೇಳಿ ಬೆಲ್ಲದ ಚೂರು ಕೊಟ್ಟರು. ಅವರ ಯಜಮಾನರಿಗೂ ಇದೇ ಕಾಯಿಲೆಯಂತೆ. ಎಲ್ಲ ರಸ್ತೆಯಲ್ಲೂ ಅಂಥವರು ಸಿಗುವುದಿಲ್ಲ.

ಲೈಸೆನ್ಸ್‌ನ ಫಾರಂ 1ರಲ್ಲಿ ಮೂರ್ಛೆ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು ಇದೆಯಾ ಅಂತ ಕೇಳುತ್ತಾರೆ. 'ಹೌದು' ಅಂದರೆ ಲೈಸೆನ್ಸೇ ಸಿಗದು ಅನ್ನುವ ಭಯ, ಹಾಗಾಗಿ 'ಇಲ್ಲ' ಅಂತ ಬರೆಯುವವರೇ ಜಾಸ್ತಿ ಇರಬೇಕು. ನಲವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟನ್ನೂ ಕೊಡಬೇಕು. (ಅದು ಹೇಗೆ ಸಿಗುತ್ತದೆ ಅನ್ನುವುದಕ್ಕೆ ಇನ್ನೊಂದು ಪತ್ರವೇ ಬೇಕು.) ಇದೆಲ್ಲ ವಾಹನ ಓಡಿಸಲು ಯೋಗ್ಯರೋ ಅಲ್ಲವೋ ಅಂತ ನೋಡುವುದಕ್ಕೆ. ನಾನು ಕೇಳುತ್ತಿರುವುದು ಬೇರೆ. ಅಮೆರಿಕದ ವರ್ಜೀನಿಯಾದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು, ಕಿವಿ ಕೇಳದವರು, ಆಟಿಸಂ ಇರುವವರು ಬಯಸಿದರೆ ಅದನ್ನು ಲೈಸೆನ್ಸ್ ಮೇಲೆ ಹಾಕಿಸಿಕೊಳ್ಳಬಹುದು. ಟೆಕ್ಸಾಸ್‌ನಲ್ಲಿ ಪೊಲೀಸರ ಜೊತೆ ಮಾತನಾಡಲು ತೊಂದರೆ ಇದೆ ಅಂತಲೂ ನಮೂದಿಸಬಹುದು.

ನನ್ನ ಮಗಳು ಇದನ್ನು ಒಪ್ಪುವುದಿಲ್ಲ. 'ಅಪ್ಪ, ಲಾಡ್ಜ್‌ನಲ್ಲೂ ಡಿಎಲ್, ಸಿಮ್ ಅಂಗಡಿಯಲ್ಲೂ ಡಿಎಲ್. ಎಲ್ಲರಿಗೂ ನಿಮ್ಮ ಕಾಯಿಲೆ ಯಾಕೆ ಗೊತ್ತಾಗಬೇಕು?' ಅನ್ನುತ್ತಾಳೆ. ಅವಳ ಮಾತು ಸರಿ. ಮೂರ್ಛೆ ಇರುವ ಹುಡುಗ ಹುಡುಗಿಯರಿಗೆ ಕೆಲಸ, ಮದುವೆ ಎಲ್ಲದರಲ್ಲೂ ಇದು ಅಡ್ಡ ಬರಬಹುದು. ಅದಕ್ಕೇ ಇದು ಪೂರ್ತಿ ಅವರವರ ಇಷ್ಟಕ್ಕೆ ಬಿಟ್ಟಿದ್ದಾಗಿರಬೇಕು. ಬೇಡ ಅನ್ನಿಸಿದ ದಿನ ಶುಲ್ಕವಿಲ್ಲದೆ ತೆಗೆಸುವಂತಿರಬೇಕು. ಇನ್ಶೂರೆನ್ಸ್ ತಿರಸ್ಕರಿಸಲು ಅದು ನೆಪ ಆಗಬಾರದು. ಕ್ಯೂಆರ್ ಕೋಡ್ ಒಳಗೆ ಇಟ್ಟರೆ ಸಾಕು ಅನ್ನುವವರಿದ್ದಾರೆ. ಬಿದ್ದವನ ಪಕ್ಕ ನಿಂತು ಸ್ಕ್ಯಾನ್ ಮಾಡುವವರು ಯಾರು? ಇನ್ನು ಡಿಜಿಲಾಕರ್‌ನಲ್ಲಿ ಡಿಎಲ್ ಇಟ್ಟವರ ಫೋನ್ ಲಾಕ್ ಆಗಿರುತ್ತದೆ.

ಕಾರ್ಡ್‌ನ ನಮೂನೆ ಕೇಂದ್ರದ ನಿಯಮದ್ದು. ನಮ್ಮ ಸಾರಿಗೆ ಇಲಾಖೆ ದೆಹಲಿಗೆ ಪತ್ರ ಬರೆಯಲಿ. ಅದು ಆಗುವವರೆಗೆ ಸುಮ್ನೆ ಕೂರಬೇಕಿಲ್ಲ. ಊದಿಸುವ ಪೊಲೀಸರಿಗೆ ಇಷ್ಟು ಹೇಳಿಕೊಟ್ಟರೂ ಸಾಕು: ಸೊನ್ನೆ ಬಂದೂ ತೊದಲುತ್ತಿದ್ದರೆ 'ಶುಗರ್ ಇದೆಯಾ?' ಅಂತ ಕೇಳಿ. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆಯನ್ನೋ ಜ್ಯೂಸನ್ನೋ ಕೊಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

– ಒಬ್ಬ ಸ್ಕೂಟರ್ ಸವಾರ, ಹನುಮಂತನಗರ, ಬೆಂಗಳೂರು