ಕಡಲ ಗುಡಿಯ ಮುಂದೆ ಪಟ್ಟದಕಲ್ಲಿನ ಮಾತು: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಬಾದಾಮಿ ತಾಲ್ಲೂಕಿನ ಒಬ್ಬ ಶಾಲಾ ಮಾಸ್ತರ. ಕಳೆದ ಡಿಸೆಂಬರಿನಲ್ಲಿ ಮಕ್ಕಳನ್ನು ಮಹಾಬಲಿಪುರಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಅವರೆಲ್ಲ ಸಮುದ್ರ ನೋಡಿದ್ದು ಅದೇ ಮೊದಲು. ಗುಡಿಯನ್ನು ಯಾರು ನೋಡ್ತಾರೆ, ಎಲ್ಲರ ಕಣ್ಣೂ ಅಲೆಯ ಮೇಲೆಯೇ. ಒಬ್ಬ ಹುಡುಗ ಮಾತ್ರ ಗೋಪುರದ ಕಡೆ ಕೈ ಮಾಡಿ, "ಸರ್, ಇದು ನಮ್ಮ ಪಟ್ಟದಕಲ್ಲಿನ ಗುಡಿ ಇದ್ದಂಗ ಐತಲ್ರೀ?" ಅಂದ.

ಅವನ ಮಾತು ಸುಳ್ಳಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಅದೇ ಶಿಖರ. ಅಲ್ಲೇ ಮರಳಿನ ಮೇಲೆ ಮಕ್ಕಳನ್ನು ಕೂರಿಸಿ ಕಥೆ ಶುರು ಮಾಡಿದೆ.

642ರಲ್ಲಿ ಪಲ್ಲವರ ಮೊದಲನೇ ನರಸಿಂಹವರ್ಮ ನಮ್ಮ ಬಾದಾಮಿಯನ್ನು ಗೆದ್ದ. 'ವಾತಾಪಿಕೊಂಡ', ಅಂದರೆ ವಾತಾಪಿ (ಬಾದಾಮಿಯ ಹಳೇ ಹೆಸರು) ಗೆದ್ದವನು ಎಂದು ಕರೆಸಿಕೊಂಡ. ಅವನ ಇನ್ನೊಂದು ಬಿರುದು ಮಾಮಲ್ಲ, ಮಹಾಬಲಿಪುರಕ್ಕೆ ಮಾಮಲ್ಲಪುರ ಅನ್ನೋ ಹೆಸರು ಬಂದದ್ದು ಅದರಿಂದ. ಅವನ ಶಾಸನ ಇವತ್ತಿಗೂ ಬಾದಾಮಿಯ ಬಂಡೆಯ ಮೇಲಿದೆ. ಎಂಟನೇ ಶತಮಾನದ ಆರಂಭದಲ್ಲಿ ಅದೇ ವಂಶದ ರಾಜಸಿಂಹ ಈ ಕಡಲ ಗುಡಿ ಕಟ್ಟಿಸಿದ. ಶಿವನಿಗೆ ಎರಡು ಗುಡಿ, ನಡುವೆ ಮಲಗಿದ ವಿಷ್ಣು. ದೊಡ್ಡ ಗುಡಿಯ ಬಾಗಿಲು ನೇರ ಸಮುದ್ರಕ್ಕೇ. ಉಪ್ಪುಗಾಳಿಗೆ ಕೆತ್ತನೆ ಸವೆದು ಮೂಗು ಬಾಯಿ ಗುರುತು ಸಿಗಲ್ಲ. ಕಂಚಿಯ ಕೈಲಾಸನಾಥ ಗುಡಿಯೂ ಇವನದೇ.

ಆಮೇಲೆ ನಮ್ಮ ಸರದಿ. ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಗೆ ನುಗ್ಗಿದ. ಸೇಡಿಗೆ ಊರು ಹಾಳು ಮಾಡಿದನಾ? ಇಲ್ಲ. ಕೈಲಾಸನಾಥನ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅದನ್ನು ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ತಮಿಳುನಾಡಿನ ಗುಡಿಯಲ್ಲಿ ಕನ್ನಡ! ಇಲ್ಲಿ ಮಕ್ಕಳು ಚಪ್ಪಾಳೆ ಹೊಡೆದರು. ಗಂಡ ಮೂರು ಸಲ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಅಲ್ಲಿ ಕಲ್ಲಿನ ಮೇಲಿದೆ.

ಇಷ್ಟು ಹೇಳಿ ಮುಗಿಸಿದ ಮೇಲೆ ನನಗೇ ನಾಚಿಕೆಯಾಯಿತು. ಈ ಮಕ್ಕಳನ್ನು ಪಟ್ಟದಕಲ್ಲಿಗೆ ಎಷ್ಟು ಸಲ ಕರೆದುಕೊಂಡು ಹೋಗಿಲ್ಲ! ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ, ಫೋಟೊ ಹೊಡೆಸಿಕೊಂಡು ವಾಪಸ್. ಮನೆಯಂಗಳದ ಕಥೆ ಹೇಳೋಕೆ ಬಂಗಾಳ ಕೊಲ್ಲಿಯ ತನಕ ಹೋಗಬೇಕಾಯಿತು ನೋಡಿ.

ಅದಕ್ಕೇ ಈ ಪತ್ರ. ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಒಂದು ದಿನದ ಪ್ರವಾಸ ಮಾಡಿಸಿ. ಬೆಳಿಗ್ಗೆ ಬಾದಾಮಿಯ ಆ ಬಂಡೆಯ ಹತ್ತಿರ ಶುರು, ಸಂಜೆ ವಿರೂಪಾಕ್ಷನ ಮುಂದೆ ಮುಗಿಯಲಿ. ನಡುವೆ ಇರುವುದು ಸುಮಾರು 22 ಕಿಲೋಮೀಟರ್ ಅಷ್ಟೇ. ಒಂದು ಬಸ್ಸು, ಕಥೆ ಹೇಳಲು ಬರುವ ಒಬ್ಬ ಗೈಡ್ ಸಾಕು. ಪಲ್ಲವರನ್ನು ಸುಮ್ನೆ ವೈರಿ ಅಂತ ಹೇಳಿ ಮುಗಿಸದವನಾದರೆ ಒಳ್ಳೆಯದು.

ಮೊದಲ ಬಸ್ಸಿಗೆ ನಮ್ಮ ಶಾಲೆಯ ಮಕ್ಕಳು ತಯಾರಿದ್ದಾರೆ. ರೊಟ್ಟಿ ಬುತ್ತಿ ನಾವೇ ತರ್ತೇವೆ.

ಇಂತಿ,
ಬಾದಾಮಿ ತಾಲ್ಲೂಕಿನ ಒಬ್ಬ ಮಾಸ್ತರ